ಮಗು ಮೊದಲ ಸಲ ಸಾಲಿಗೆ ಹೊರಟಾಗ: ವಿಜಯಪುರದ ಪಾಲಕರಿಗೊಂದು ಮಾರ್ಗದರ್ಶಿ

ಮೂರು ವರ್ಷದ ಮಗುವನ್ನು ಮೊದಲ ಸಲ ಅಂಗನವಾಡಿಗೋ ನರ್ಸರಿಗೋ ಸೇರಿಸಲು ಹೊರಟ ಪಾಲಕರ ತಲೆಯಲ್ಲಿ ಶುಲ್ಕ, ಮಾಧ್ಯಮ, ವ್ಯಾನು, ಸಮವಸ್ತ್ರ ಇವುಗಳ ಚಿಂತೆಯೇ ತುಂಬಿರುತ್ತದೆ. ಮಗುವಿಗೆ ಇವು ಯಾವುವೂ ಲೆಕ್ಕಕ್ಕಿಲ್ಲ. ಅವ್ವ ಕಣ್ಮರೆಯಾದ ಮೇಲೆ ಇಲ್ಲಿ ನನ್ನನ್ನು ನೋಡಿಕೊಳ್ಳುವವರು ಯಾರು, ಅವ್ವ ಹೇಳಿದ ಹೊತ್ತಿಗೆ ಬರುತ್ತಾಳೋ ಇಲ್ಲವೋ ಎಂಬ ಎರಡೇ ಸಂಗತಿಗಳ ಮೇಲೆ ಅದರ ಮೊದಲ ತಿಂಗಳು ನಿಂತಿರುತ್ತದೆ. ಕಳೆದ ಜೂನ್‌ನಲ್ಲಿ ನನ್ನ ಮಗಳನ್ನು ವಿಜಯಪುರದಲ್ಲಿ ನಮ್ಮ ಓಣಿಗೆ ಹತ್ತಿರದ ಶಾಲೆಗೆ ಕಳಿಸುವಾಗ, ಅದಕ್ಕೂ ಮೊದಲು ಮೈದುನನ ಮಗನಿಗೆ ಅಂಗನವಾಡಿ ರೂಢಿ ಮಾಡಿಸುವಾಗ ಕಂಡು ತಿಳಿದದ್ದನ್ನು, ಕಾಯ್ದೆ ಮತ್ತು ಆರೋಗ್ಯದ ವಿಷಯದಲ್ಲಿ ಪ್ರತಿಯೊಬ್ಬ ಪಾಲಕರಿಗೂ ಗೊತ್ತಿರಬೇಕಾದದ್ದನ್ನು, ಮಾಡಬೇಕಾದ ಕ್ರಮದಲ್ಲೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ವಯಸ್ಸಿನ ಲೆಕ್ಕ

2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಅವಧಿಯನ್ನು ಬುನಾದಿ ಹಂತವೆಂದು ಕರೆದು, ಅದರಲ್ಲಿ ಮೊದಲ ಮೂರು ವರ್ಷಗಳನ್ನು ಅಂಗನವಾಡಿ ಅಥವಾ ಪೂರ್ವ ಪ್ರಾಥಮಿಕ ಶಾಲೆಗೆ, ಉಳಿದ ಎರಡನ್ನು ಒಂದನೇ ಮತ್ತು ಎರಡನೇ ತರಗತಿಗೆ ಮೀಸಲಿಟ್ಟಿದೆ. ನಮ್ಮ ರಾಜ್ಯದಲ್ಲಿ ಒಂದನೇ ತರಗತಿಗೆ ಸೇರುವ ಮಗುವಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂಬ ನಿಯಮ ಬಂದಿದೆ. 2025-26ರಲ್ಲಿ ಯುಕೆಜಿ ಮುಗಿಸಿದ ಮಕ್ಕಳಿಗೆ ಐದು ವರ್ಷ ಐದು ತಿಂಗಳಿಗೆ ಸಡಿಲಿಕೆ ಕೊಟ್ಟಿದ್ದರಾದರೂ ಸಡಿಲಿಕೆಯನ್ನು ನಂಬಿ ಮುಂದಿನ ಲೆಕ್ಕ ಹಾಕಬಾರದು. ಆದ್ದರಿಂದ ಆರರಿಂದ ಹಿಂದಕ್ಕೆ ಎಣಿಸುತ್ತ ಬನ್ನಿ: ಜೂನ್‌ಗೆ ಐದು ತುಂಬಿದ್ದರೆ ಯುಕೆಜಿ, ನಾಲ್ಕು ತುಂಬಿದ್ದರೆ ಎಲ್‌ಕೆಜಿ, ಮೂರು ತುಂಬಿದ್ದರೆ ನರ್ಸರಿ ಅಥವಾ ಅಂಗನವಾಡಿ.

ಆಗಸ್ಟ್‌ನಲ್ಲೋ ಸೆಪ್ಟೆಂಬರ್‌ನಲ್ಲೋ ಹುಟ್ಟಿದ ಮಗುವಿನ ಪಾಲಕರಿಗೆ ಒಂದು ವರ್ಷ ಹೋಯಿತಲ್ಲ ಎಂಬ ಕಳವಳ ಇರುತ್ತದೆ. ಎರಡು ವರ್ಷ ಒಂಬತ್ತು ತಿಂಗಳ ಮಗುವನ್ನು ಅವಸರದಿಂದ ನರ್ಸರಿಗೆ ನೂಕಿದರೆ, ಮುಂದೆ ಒಂದನೇ ತರಗತಿಯ ಬಾಗಿಲಲ್ಲಿ ಅದೇ ಮಗುವನ್ನು ವಯಸ್ಸು ಸಾಲದೆಂದು ನಿಲ್ಲಿಸಿ ಯುಕೆಜಿಯನ್ನು ಎರಡನೇ ಸಲ ಓದಿಸುವ ಪ್ರಸಂಗ ಬರಬಹುದು. ಅಂಥ ಮಕ್ಕಳಿಗೆ ಅಂಗನವಾಡಿ ಒಳ್ಳೆಯ ದಾರಿ. ಅಲ್ಲಿ ಜೂನ್‌ವರೆಗೆ ಕಾಯಬೇಕಿಲ್ಲ, ಮೂರು ತುಂಬಿದ ತಿಂಗಳಿಂದಲೇ ಕಳಿಸಬಹುದು.

ಅಂಗನವಾಡಿಯೋ, ಖಾಸಗಿ ಶಾಲೆಯೋ

ಕೈಯಲ್ಲಿ ನಾಲ್ಕು ಕಾಸು ಇದ್ದವರು ಅಂಗನವಾಡಿಯ ಕಡೆ ತಿರುಗಿಯೂ ನೋಡದ ರೂಢಿ ನಮ್ಮ ಊರಲ್ಲಿ ಬೆಳೆದಿದೆ. ಇದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದಲ್ಲಿ ಆರಂಭವಾದಾಗ ನಮ್ಮ ರಾಜ್ಯದಲ್ಲಿ ಮೊದಲು ನೆಲೆಯೂರಿದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ. ಇಂದು ಪ್ರತಿ ಹಳ್ಳಿಯಲ್ಲೂ ನಗರದ ಓಣಿಗಳಲ್ಲೂ ಅದರ ಕೇಂದ್ರಗಳಿವೆ. ಮೂರರಿಂದ ಆರು ವರ್ಷದ ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣ, ಬಿಸಿಯೂಟ, ಲಸಿಕೆಯ ನೆರವು, ತೂಕ ಮತ್ತು ಎತ್ತರದ ದಾಖಲೆ ಇವೆಲ್ಲ ಅಲ್ಲಿ ಒಂದೇ ಸೂರಿನಡಿ ಶುಲ್ಕವಿಲ್ಲದೆ ಸಿಗುತ್ತವೆ. 2013ರ ಆಗಸ್ಟ್ 1ರಿಂದ ಕ್ಷೀರಭಾಗ್ಯದ ಹಾಲೂ ಇದೆ, ಗೊತ್ತಾದ ದಿನಗಳಲ್ಲಿ ಮೊಟ್ಟೆಯೂ ಇದೆ. ಎಲ್ಲಕ್ಕಿಂತ ಮುಖ್ಯವಾಗಿ, ಕಾರ್ಯಕರ್ತೆಯೂ ಸಹಾಯಕಿಯೂ ಸಾಮಾನ್ಯವಾಗಿ ಅದೇ ಊರಿನವರು, ಮಗುವಿನ ಆಯಿಯನ್ನು (ಅಜ್ಜಿಯನ್ನು) ಹೆಸರು ಹಿಡಿದು ಮಾತಾಡಿಸುವವರು. ಅಪರಿಚಿತರನ್ನು ಕಂಡರೆ ಮುದುಡುವ ಮಗುವಿಗೆ ಇದಕ್ಕಿಂತ ಸಲೀಸಾದ ಆರಂಭ ಬೇರೆಯಿಲ್ಲ.

ಎಲ್ಲ ಅಂಗನವಾಡಿಗಳೂ ಒಂದೇ ತೆರನಾಗಿ ನಡೆಯುವುದಿಲ್ಲ ಎಂಬುದೂ ನಿಜ. ಬಾಡಿಗೆಯ ಇಕ್ಕಟ್ಟಾದ ಕೋಣೆ, ನೀರಿಲ್ಲದ ಶೌಚಾಲಯ ಇರುವ ಕಡೆ ಮೂರು ವರ್ಷದ ಮಗುವನ್ನು ದಿನವಿಡೀ ಬಿಡುವುದು ಕಷ್ಟ. ಖಾಸಗಿ ಶಾಲೆಗಳಲ್ಲೂ ಹಾಗೆಯೇ. ಬಣ್ಣ ಬಳಿದ ಗೋಡೆ, ಜಾರುಬಂಡಿ, ದೊಡ್ಡ ಫಲಕ ಇವುಗಳಿಂದ ಒಳಗೆ ಏನು ನಡೆಯುತ್ತದೆಂಬುದು ತಿಳಿಯದು. ಆದ್ದರಿಂದ ಯಾವುದನ್ನೇ ಆರಿಸಿದರೂ ಕಣ್ಣಾರೆ ನೋಡಿಯೇ ಆರಿಸಬೇಕು.

ನೋಡಲು ಹೋದಾಗ

ಮಕ್ಕಳಿರುವ ಹೊತ್ತಿನಲ್ಲಿ, ಅಂದರೆ ಫೆಬ್ರುವರಿ ಇಲ್ಲವೇ ಮಾರ್ಚ್‌ನಲ್ಲಿ ಹೋಗಿ. ಏಪ್ರಿಲ್‌ನಲ್ಲಿ ಖಾಲಿ ಕೋಣೆಗಳನ್ನು ನೋಡಿ ಬಂದರೆ ಏನೂ ನೋಡಿದಂತಾಗುವುದಿಲ್ಲ. ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು ಅಕ್ಕೋರು (ಶಿಕ್ಷಕಿ) ಮಕ್ಕಳೊಡನೆ ಮಾತಾಡುವ ರೀತಿಯನ್ನು ಕೇಳಿ. ಅಳುವ ಮಗುವನ್ನು ಹತ್ತಿರ ಕರೆದು ಕೂರಿಸಿಕೊಳ್ಳುತ್ತಾರೋ, ಸುಮ್ಮನಿರೆಂದು ಗದರುತ್ತಾರೋ ಎಂಬುದೊಂದೇ ಸಾಕು, ಅರ್ಧ ನಿರ್ಣಯ ಅಲ್ಲಿಯೇ ಆಗುತ್ತದೆ. ಒಬ್ಬ ಅಕ್ಕೋರಿಗೆ ಎಷ್ಟು ಮಕ್ಕಳು, ಅವರು ರಜೆ ಹಾಕಿದ ದಿನ ಯಾರು ಬರುತ್ತಾರೆ, ಮಕ್ಕಳನ್ನು ಶೌಚಕ್ಕೆ ಕರೆದೊಯ್ಯುವವರು ಯಾರು, ಗೇಟಿನಲ್ಲಿ ಮಗುವನ್ನು ಯಾರ ಕೈಗೆ ಒಪ್ಪಿಸುತ್ತಾರೆ ಎಂದು ಕೇಳಿ. ಶೌಚಾಲಯವನ್ನು ಒಳಗೆ ಹೋಗಿ ನೋಡಿ, ನಲ್ಲಿ ತಿರುಗಿಸಿ ನೋಡಿ. ಇದನ್ನು ಕೇಳಲು ಸಂಕೋಚ ಪಡಬೇಕಿಲ್ಲ. ಮೊದಲ ಕೆಲವು ದಿನ ಪಾಲಕರು ಒಳಗೆ ಕೂರಲು ಅವಕಾಶವಿದೆಯೇ ಎಂಬ ಪ್ರಶ್ನೆಯನ್ನಂತೂ ಮರೆಯಲೇಬೇಡಿ. ಗೇಟಿನಿಂದಾಚೆ ಯಾರಿಗೂ ಪ್ರವೇಶವಿಲ್ಲ, ಎಂಟು ದಿನ ಅತ್ತು ತಾವೇ ಸುಮ್ಮನಾಗುತ್ತಾರೆ ಎಂದು ಹೇಳುವ ಶಾಲೆಗಿಂತ, ಒಂದು ಮೂಲೆಯಲ್ಲಿ ಕೂತಿರಿ ತಾಯಿ ಎನ್ನುವ ಶಾಲೆಯನ್ನು ನಾನು ಮೇಲೆಂದು ಎಣಿಸುತ್ತೇನೆ.

ಶುಲ್ಕವನ್ನು ಕೇಳುವಾಗ ಪುಸ್ತಕ, ಸಮವಸ್ತ್ರ, ವ್ಯಾನು, ಗ್ಯಾದರಿಂಗ್ (ಶಾಲಾ ವಾರ್ಷಿಕೋತ್ಸವ) ಇವೆಲ್ಲ ಸೇರಿ ವರ್ಷಕ್ಕೆಷ್ಟು ಎಂದು ಒಟ್ಟು ಮೊತ್ತವನ್ನೇ ಬರೆಸಿಕೊಳ್ಳಿ, ಕೊಟ್ಟ ಪ್ರತಿ ರೂಪಾಯಿಗೂ ರಸೀದಿ ಪಡೆಯಿರಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಮು ಪ್ರವೇಶಕ್ಕೆ ಡೊನೇಶನ್ ಪಡೆಯುವುದನ್ನೂ ಮಗುವನ್ನು ಅಥವಾ ತಂದೆತಾಯಿಯನ್ನು ಸಂದರ್ಶನ ಮಾಡಿ ಆರಿಸುವುದನ್ನೂ ನಿಷೇಧಿಸುತ್ತದೆ, 17ನೇ ಕಲಮು ಮಗುವನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸುತ್ತದೆ. ಮೂರು ವರ್ಷದ ಮಗುವನ್ನು ಕೂರಿಸಿ ಎ ಬಿ ಸಿ ಡಿ ಹೇಳಿಸುವ ಕಡೆ ಸೇರಿಸುವ ಮುಂಚೆ ಎರಡು ಸಲ ಯೋಚಿಸಿ.

ಇನ್ನು ಭಾಷೆ. ನಮ್ಮ ಜಿಲ್ಲೆಯ ಮನೆಗಳಲ್ಲಿ ಕನ್ನಡದ ಜೊತೆಗೆ ಉರ್ದು, ಮರಾಠಿ, ಲಂಬಾಣಿ ಮಾತುಗಳಿವೆ. ನೀರು ಬೇಕು, ಹೊಟ್ಟೆ ನೋಯುತ್ತಿದೆ ಎಂಬ ಮಾತನ್ನು ಮಗು ಯಾವ ಭಾಷೆಯಲ್ಲಿ ಆಡುತ್ತದೆಯೋ ಆ ಭಾಷೆ ತಿಳಿದವರು ತರಗತಿಯಲ್ಲಿ ಒಬ್ಬರಾದರೂ ಇರಬೇಕು, ಅದು ಸಹಾಯಕಿಯಾದರೂ ಸರಿ. ಇಂಗ್ಲಿಷ್ ಮಾಧ್ಯಮವನ್ನು ಆರಿಸಿದವರಿಗೂ ಈ ಮಾತು ಅನ್ವಯಿಸುತ್ತದೆ. ಮನೆಯ ಮಾತನ್ನು ಆಡಬಾರದೆಂದು ಮೊದಲ ವರ್ಷವೇ ಬಾಯಿ ಕಟ್ಟಿದರೆ ಮಗು ಇಂಗ್ಲಿಷ್ ಕಲಿಯುವುದಕ್ಕಿಂತ ಮೊದಲು ಮೌನವನ್ನು ಕಲಿಯುತ್ತದೆ.

ಕಾಗದಪತ್ರ

ಮುಖ್ಯವಾದದ್ದು ಜನನ ಪ್ರಮಾಣಪತ್ರ. ಜನನ ಮರಣ ನೋಂದಣಿ ಕಾಯ್ದೆಗೆ ಆದ ತಿದ್ದುಪಡಿ 2023ರ ಅಕ್ಟೋಬರ್ 1ರಿಂದ ಜಾರಿಯಲ್ಲಿದ್ದು, ಆ ದಿನ ಮತ್ತು ಅದರ ನಂತರ ಹುಟ್ಟಿದವರಿಗೆ ಶಾಲಾ ಪ್ರವೇಶದಲ್ಲಿ ಹುಟ್ಟಿದ ದಿನಾಂಕಕ್ಕೆ ಈ ಪತ್ರವೇ ಆಧಾರ. ಜನನ ನೋಂದಣಿಯಾಗುವುದು ಮಗು ಹುಟ್ಟಿದ ಊರಿನಲ್ಲಿ. ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋಗುವ ರೂಢಿ ಇರುವುದರಿಂದ ಎಷ್ಟೋ ಮಕ್ಕಳ ದಾಖಲೆ ಜಮಖಂಡಿಯಲ್ಲೋ ಸೊಲ್ಲಾಪುರದಲ್ಲೋ ಇರುತ್ತದೆ, ಮತ್ತು ಹೆಸರಿಡುವ ಮೊದಲೇ ನೋಂದಾಯಿಸಿದ್ದರಿಂದ ಅದರಲ್ಲಿ ಮಗುವಿನ ಹೆಸರೇ ಇರುವುದಿಲ್ಲ. ಹೆಸರು ಸೇರಿಸಲು ಅಲ್ಲಿಗೇ ಅರ್ಜಿ ಕೊಡಬೇಕು. ಈ ಕೆಲಸವನ್ನು ಜನವರಿಯಲ್ಲೇ ಹಿಡಿದುಕೊಳ್ಳುವುದು ಮೇಲು. ಬೇಸಿಗೆಗೆ ಉಳಿದರೆ ಒಂದು ಸಂಗತಿ ನೆನಪಿಡಿ: ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳ ಸರ್ಕಾರಿ ಕಚೇರಿಗಳಿಗೆ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಬಿಸಿಲಿನ ಕಾರಣ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರ ವೇಳೆ ಗೊತ್ತುಮಾಡುವ ಪದ್ಧತಿಯಿದೆ. ಊಟ ಮುಗಿಸಿ ಹೋದರೆ ಬೀಗವನ್ನು ನೋಡಿ ಬರಬೇಕಾಗುತ್ತದೆ.

ಐದು ವರ್ಷದೊಳಗಿನ ಮಕ್ಕಳಿಗೆ ಬೆರಳಚ್ಚಿಲ್ಲದೆ ಬಾಲ ಆಧಾರ್ ಮಾಡಿಕೊಡುತ್ತಾರೆ, ಐದು ತುಂಬಿದ ಮೇಲೆ ಬೆರಳು ಮತ್ತು ಕಣ್ಣಿನ ಗುರುತನ್ನು ಸೇರಿಸಬೇಕು. ಮಾಡಿಸಿಟ್ಟರೆ ಅನುಕೂಲ. ಆದರೆ ಶಾಲಾ ಪ್ರವೇಶಕ್ಕೆ ಆಧಾರ್ ಕಡ್ಡಾಯವಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಹೇಳಿದೆ. ಲಸಿಕೆಯ ವಿವರವಿರುವ ತಾಯಿ ಕಾರ್ಡನ್ನು ಜೊತೆಗಿಟ್ಟುಕೊಳ್ಳಿ. ಹದಿನಾರರಿಂದ ಇಪ್ಪತ್ನಾಲ್ಕು ತಿಂಗಳ ನಡುವಿನ ದಡಾರ-ರುಬೆಲ್ಲಾ ಎರಡನೇ ಡೋಸು ಮತ್ತು ಡಿಪಿಟಿ ಬೂಸ್ಟರ್ ತಪ್ಪಿಹೋಗಿದ್ದರೆ, ಇಪ್ಪತ್ತು ಮಕ್ಕಳ ನಡುವೆ ಕೂರಿಸುವ ಮೊದಲು ಅವನ್ನು ಹಾಕಿಸಬೇಕು.

ಮೇ ತಿಂಗಳ ತಯಾರಿ

ಎಲ್ಲಕ್ಕಿಂತ ಮೊದಲು ಮನೆಯವರ ಮಾತು ತಿದ್ದಬೇಕು. ಮಗು ಹಟ ಮಾಡಿದಾಗಲೆಲ್ಲ "ತಡಿ, ನಿನ್ನ ಸಾಲಿಗೆ ಹಾಕ್ತೀನಿ, ಅಕ್ಕೋರು ಬಡಿತಾರ ನೋಡು" ಎಂದು ಹೆದರಿಸುವುದು ನಮ್ಮ ಕಡೆಯ ಮನೆಮನೆಯ ಮಾತಾಗಿದೆ. ವರ್ಷವಿಡೀ ಇದನ್ನು ಕೇಳಿದ ಮಗು ಜೂನ್‌ನಲ್ಲಿ ಅದೇ ಅಕ್ಕೋರ ಕೈ ಹಿಡಿದು ಒಳಗೆ ಹೋಗಬೇಕೆಂದರೆ ಹೇಗೆ ಹೋದೀತು? ಈ ಮಾತನ್ನು ಮನೆಯಲ್ಲಿ ಯಾರೂ ಆಡಕೂಡದೆಂದು ಎಲ್ಲರೂ ಕೂಡಿ ನಿರ್ಧರಿಸಿ, ಆಯಿ, ಮುತ್ತ್ಯಾ, ಕಾಕಾ, ನೆರೆಮನೆಯವರು ಎಲ್ಲರಿಗೂ ಹೇಳಿ.

ಮಗುವಿನ ಪೂರ್ತಿ ಹೆಸರನ್ನು ಬಳಕೆಗೆ ತನ್ನಿ. ನಮ್ಮಲ್ಲಿ ಹೆಣ್ಣುಮಗುವನ್ನು ತಂಗಿ ಎಂದೂ ಗಂಡುಮಗುವನ್ನು ತಮ್ಮಾ ಎಂದೂ ಕರೆದು ಕರೆದು, ತೊಟ್ಟಿಲಲ್ಲಿ ಇಟ್ಟ ಹೆಸರು ಮಗುವಿಗೇ ಹೊಸದಾಗಿರುತ್ತದೆ. ನನ್ನ ಮಗಳು ಮೊದಲ ದಿನ ಹಾಜರಿಯಲ್ಲಿ ತನ್ನ ಹೆಸರು ಬಂದಾಗ ಬೇರೆ ಮಕ್ಕಳ ಹಾಗೆ ತಾನೂ ತಿರುಗಿ, ಆ ಹುಡುಗಿ ಯಾರೆಂದು ಹುಡುಕಿದಳು. ಅಕ್ಕೋರು ಬಳಿಗೆ ಬಂದು "ತಂಗೀ" ಎಂದ ಕೂಡಲೇ ಮುಖವೆತ್ತಿದಳು. ಹಾಜರಿಯ ಹೆಸರನ್ನು ಮಗುವಿಗೆ ರೂಢಿ ಮಾಡಿಸಿ, ಮನೆಯ ಹೆಸರನ್ನು ಅಕ್ಕೋರಿಗೆ ತಿಳಿಸಿ. ಎರಡೂ ಬೇಕು.

ಶೌಚದ ಅಭ್ಯಾಸ ಇನ್ನೊಂದು ದೊಡ್ಡ ವಿಷಯ. ಮಗು ಚಡ್ಡಿಯನ್ನು ತಾನೇ ಇಳಿಸಿ ಏರಿಸಿಕೊಳ್ಳುವಂತಿರಬೇಕು. ಗುಂಡಿ, ಜಿಪ್ಪು, ಬೆಲ್ಟುಗಳಿರುವ ಚಡ್ಡಿಗಿಂತ ಇಲಾಸ್ಟಿಕ್ ಇರುವುದೇ ಮೊದಲ ವರ್ಷಕ್ಕೆ ಸರಿ, ಸಮವಸ್ತ್ರ ಬೇರೆ ತೆರನಾಗಿದ್ದರೆ ದರ್ಜಿಯವರ ಬಳಿ ಬದಲಿಸಿಕೊಳ್ಳಿ. "ಒಂದಕ್ಕ ಬಂದೈತ್ರಿ" ಎಂದು ಗಟ್ಟಿಯಾಗಿ ಹೇಳಲು ಕಲಿಸಿ. ನಿಮ್ಮ ಮನೆಯಲ್ಲಿ ಇದಕ್ಕೆ ಬೇರೆ ಮಾತಿದ್ದರೆ ಅದನ್ನು ಅಕ್ಕೋರಿಗೂ ಸಹಾಯಕಿಗೂ ಮೊದಲೇ ತಿಳಿಸಿ. ಎಷ್ಟೋ ಮಕ್ಕಳು ಹೊಸ ಶೌಚಾಲಯಕ್ಕೆ ಅಂಜಿ ಮನೆಗೆ ಬರುವವರೆಗೆ ತಡೆದುಕೊಂಡು ಕೂತಿರುತ್ತಾರೆ, ಅದಕ್ಕಾಗಿಯೇ ನೀರನ್ನೂ ಕುಡಿಯುವುದಿಲ್ಲ. ಸೇರಿಸುವ ಮುನ್ನ ಒಂದು ದಿನ ಮಗುವನ್ನು ಕರೆದೊಯ್ದು ಆ ಜಾಗವನ್ನು ತೋರಿಸಿ, ನಿಮ್ಮ ಎದುರಿಗೇ ಒಮ್ಮೆ ಬಳಸಲು ಹೇಳಿ. ಖಾಸಗಿ ಅಂಗಗಳನ್ನು ಅವ್ವ, ಶೌಚಕ್ಕೆ ನೆರವಾಗುವ ಸಹಾಯಕಿ, ಅವ್ವನ ಎದುರಿಗೆ ಡಾಕ್ಟರು ಬಿಟ್ಟು ಬೇರೆ ಯಾರೂ ಮುಟ್ಟಬಾರದು, ಮುಟ್ಟಿದರೆ ಓಡಿ ಬಂದು ಹೇಳಬೇಕು ಎಂಬುದನ್ನೂ ಸ್ನಾನ ಮಾಡಿಸುವಾಗ ಸಹಜವಾದ ದನಿಯಲ್ಲಿ ಹೇಳಿಕೊಡಿ. ಮಕ್ಕಳ ಸಹಾಯವಾಣಿಯ ಸಂಖ್ಯೆ 1098.

ಇದರ ಜೊತೆಗೆ ಅಗಲಿಕೆಯ ಅಭ್ಯಾಸವೂ ಆಗಬೇಕು. ಹುಟ್ಟಿದಂದಿನಿಂದ ಅವ್ವನನ್ನು ಬಿಟ್ಟಿರದ ಮಗುವನ್ನು ಅತ್ತೆಯ ಮನೆಯಲ್ಲೋ ಕಾಕುವಿನ ಬಳಿಯೋ ಮೊದಲು ಅರ್ಧ ತಾಸು, ಆಮೇಲೆ ಒಂದು ತಾಸು, ಒಂದು ಹೊತ್ತು ಹೀಗೆ ಬಿಟ್ಟು ಬನ್ನಿ. ಪ್ರತಿ ಸಲವೂ ಹೇಳಿಯೇ ಹೋಗಿ, ಹೇಳಿದ ಹೊತ್ತಿಗೇ ಬನ್ನಿ. ಅವ್ವ ಹೋದರೆ ಬಂದೇ ಬರುತ್ತಾಳೆ ಎಂಬ ನಂಬಿಕೆ ಕೂಡುವುದು ಹೀಗೆ.

ಬರವಣಿಗೆಯ ತಯಾರಿ ಬೇಡವೇ ಎಂದು ಕೇಳುವವರಿದ್ದಾರೆ. ಬೇಡ. ಮೂರು ವರ್ಷದ ಕೈಗೆ ಪೆನ್ಸಿಲ್ ಕೊಟ್ಟು ಅ ಆ ತಿದ್ದಿಸುವುದಕ್ಕಿಂತ ಬೆರಳಿಗೆ ಬಲ ಬರುವ ಕೆಲಸ ಕೊಡಿ. ರೊಟ್ಟಿ ಬಡಿಯುವಾಗ ಒಂದು ಚಿಕ್ಕ ಹಿಟ್ಟಿನ ಉಂಡೆ ಕೊಟ್ಟು ತಟ್ಟಲು ಬಿಡಿ, ಕೊತ್ತಂಬರಿ ಸೋಸಲು ಕೂರಿಸಿಕೊಳ್ಳಿ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತನ್ನು ಮಾರ್ಕೆಟ್ಟಿನಿಂದ ತರದೆ ಮಗುವಿನ ಕೈಯಿಂದಲೇ ಒಂದು ಮಾಡಿಸಿ, ಕೋಡು ಡೊಂಕಾದರೂ ಇರಲಿ.

ಮೊದಲ ದಿನಗಳು

ಈ ದಿನಗಳಲ್ಲಿ ಮಗುವನ್ನು ಬಿಡಲು ಮನೆಯ ಒಬ್ಬರೇ ಹೋಗಬೇಕು, ಆಟೋದಲ್ಲೋ ವ್ಯಾನಿನಲ್ಲೋ ಕಳಿಸಬಾರದು. ಮನೆಯಿಂದ ಶಾಲೆಗೆ ಹೋಗುವ ದಾರಿಯೇ ಹೊಸದಾಗಿರುವಾಗ, ಜೊತೆಗೆ ಹೊಸ ಗಾಡಿ, ಹೊಸ ಚಾಲಕ, ಅಪರಿಚಿತ ದೊಡ್ಡ ಮಕ್ಕಳ ನೂಕಾಟ ಸೇರಿದರೆ ಶಾಲೆ ತಲುಪುವಷ್ಟರಲ್ಲಿಯೇ ಮಗು ಸೋತಿರುತ್ತದೆ. ಅಪ್ಪ ಬಿಟ್ಟರೆ ಅಳದ ಮಗು ಅವ್ವ ಬಿಟ್ಟರೆ ಅಳುವುದುಂಟು. ಹಾಗಿದ್ದರೆ ಅಪ್ಪನೇ ಹೋಗಲಿ. ಮುತ್ತ್ಯಾ ಹೋಗುವುದಾದರೆ ಮೊದಲೇ ಮಾತಾಗಬೇಕು, ಏಕೆಂದರೆ ಮೊಮ್ಮಗಳ ಒಂದು ಬಿಕ್ಕಿಗೆ ಕರಗಿ "ಇವತ್ತ ಬ್ಯಾಡ ಬಿಡು, ನಾಳೆ ನೋಡೋಣು" ಎಂದು ತಿರುಗಿ ಕರೆತರುವವರು ಹೆಚ್ಚಾಗಿ ಅವರೇ. ಅದು ಪ್ರೀತಿಯೇ ಹೌದು. ಆದರೆ ಅತ್ತರೆ ಮನೆಗೆ ಹೋಗಬಹುದೆಂದು ಒಂದು ದಿನ ತಿಳಿದ ಮಗು ಮರುದಿನ ಇನ್ನೂ ಹೆಚ್ಚು ಅಳುತ್ತದೆ.

ಮೊದಲ ದಿನ ಮಗುವಿನೊಡನೆ ಒಳಗೆ ಕೂತು, ಒಂದು ತಾಸಿನ ಮೇಲೆ ಇಬ್ಬರೂ ಮನೆಗೆ ಬನ್ನಿ. ಒಳಗೆ ಕೂತಾಗ ನೀವೇ ಮಗುವನ್ನು ಆಡಿಸುತ್ತ ಕೂರಬೇಡಿ. ಗೋಡೆಗೆ ಒರಗಿ ಕೂತು, ಅದು ಏನು ಕೇಳಿದರೂ "ಅಕ್ಕೋರಿಗೆ ಕೇಳು" ಎಂದು ಅವರ ಕಡೆಗೆ ಕಳಿಸಿ. ನೀವು ಅಲ್ಲಿರುವುದು ಮಗುವಿನ ಕೈಯನ್ನು ನಿಮ್ಮಿಂದ ಅವರಿಗೆ ದಾಟಿಸುವುದಕ್ಕಾಗಿ. ಎರಡನೇ ದಿನ ನಡುವೆ ಸ್ವಲ್ಪ ಹೊತ್ತು ಹೇಳಿ ಹೊರಗೆ ಹೋಗಿ ಬನ್ನಿ. ಆಮೇಲೆ ಬಾಗಿಲಲ್ಲೇ ಬಿಟ್ಟು ಹೊರಡುವ ದಿನ ಬರುತ್ತದೆ. ಅದು ಮೂರನೇ ದಿನವೋ ಹತ್ತನೆಯದೋ ಎಂಬುದನ್ನು ಮಗುವನ್ನೂ ಅಕ್ಕೋರನ್ನೂ ನೋಡಿ ನಿರ್ಧರಿಸಬೇಕು. ಒಳಗೆ ಕೂರಲು ಬಿಡದ ಶಾಲೆಯಾದರೆ, ಮೊದಲ ವಾರ ಕಡಿಮೆ ಹೊತ್ತು ಇರಿಸಿಕೊಳ್ಳಲು ಕೇಳಿಕೊಳ್ಳಿ.

ಕಣ್ಣು ತಪ್ಪಿಸಿ ಹೋಗುವುದನ್ನು ಮಾತ್ರ ಎಂದಿಗೂ ಮಾಡಬೇಡಿ. ಆಟಿಕೆ ತೋರಿಸಿ, ಮಗು ಆ ಕಡೆ ತಿರುಗಿದಾಗ ಜಾಗ ಖಾಲಿ ಮಾಡಿದರೆ ಆ ಹೊತ್ತಿನ ಅಳು ತಪ್ಪಬಹುದು. ಆದರೆ ತಿರುಗಿ ನೋಡಿದಾಗ ಅವ್ವ ಇಲ್ಲದ ಆ ಕ್ಷಣವನ್ನು ಮಗು ಮರೆಯುವುದಿಲ್ಲ. ಅಂದಿನಿಂದ ಮನೆಯಲ್ಲೂ ನೀವು ಅಡುಗೆಮನೆಗೆ ಹೋದರೆ ಹಿಂದೆ, ಬಚ್ಚಲಿಗೆ ಹೋದರೆ ಬಾಗಿಲ ಬಳಿ ನಿಲ್ಲತೊಡಗುತ್ತದೆ. ಹೇಳಿ ಹೋದಾಗ ಮಗು ಅಳುತ್ತದೆ, ಅಳಲಿ. ಹೋಗುವುದನ್ನು ಕಂಡು ಅತ್ತ ಮಗುವಿಗೆ ಬರುವುದನ್ನೂ ಕಾಣುತ್ತೇನೆಂಬ ಭರವಸೆ ಇರುತ್ತದೆ.

ಬೀಳ್ಕೊಡುವ ಮಾತು ಚಿಕ್ಕದಾಗಿರಲಿ, ದಿನವೂ ಅದೇ ಜಾಗದಲ್ಲಿ ಅದೇ ಮಾತಾಗಿರಲಿ. ಮೂರು ವರ್ಷದ ಮಗುವಿಗೆ ಹನ್ನೆರಡೂವರೆ ಎಂದರೆ ಅರ್ಥವಿಲ್ಲ. "ಊಟಾ ಮಾಡಿ, ಕೈ ತೊಳಕೊಂಡು, ಚಾಪಿ ಮಡಚೂದರಾಗ ನಾ ಬಾಗಿಲದಾಗ ಇರ್ತೀನಿ" ಎಂದರೆ ಅರ್ಥವಾಗುತ್ತದೆ. ನಾನು ಮಗಳಿಗೆ ಹೇಳುತ್ತಿದ್ದ ಮಾತು ಇದೇ. ಅವಳು ಊಟವಾದ ಕೂಡಲೇ ತನ್ನ ಚಾಪೆಯನ್ನಷ್ಟೇ ಅಲ್ಲದೆ ಸಾಲಿನಲ್ಲಿದ್ದ ಎಲ್ಲರ ಚಾಪೆಗಳನ್ನೂ ಮಡಚತೊಡಗಿದಳೆಂದು ಅಕ್ಕೋರು ಹೇಳಿದರು. ಅವರು ಅದನ್ನು ತಡೆಯಲಿಲ್ಲ. ಚಾಪೆ ಎಣಿಸಿ ಮೂಲೆಗೆ ಒಟ್ಟುವ ಕೆಲಸವನ್ನೇ ಅವಳಿಗೆ ಒಪ್ಪಿಸಿದರು. ಒಂದು ಕೆಲಸ ಕೈಗೆ ಬಂದ ಮೇಲೆ ಅವಳ ಅಳು ಬಹಳ ಮಟ್ಟಿಗೆ ತಗ್ಗಿತು. ನಿಮ್ಮ ಮಗುವಿಗೂ ಇಂಥದೊಂದು ಚಿಕ್ಕ ಜವಾಬ್ದಾರಿ ಕೊಡಲು ಅಕ್ಕೋರನ್ನು ಕೇಳಬಹುದು: ಸೀಮೆಸುಣ್ಣ ಹಂಚುವುದು, ಗಂಟೆ ಬಾರಿಸುವುದು, ಯಾವುದಾದರೂ ಸರಿ.

ಹೇಳಿದ ಹೊತ್ತಿಗಿಂತ ಸ್ವಲ್ಪ ಮುಂಚೆಯೇ ಹೋಗಿ ನಿಲ್ಲಿ. ಎಲ್ಲ ಮಕ್ಕಳೂ ಹೋದ ಮೇಲೆ ಕೊನೆಗೆ ಉಳಿಯುವ ಮಗು ನಿಮ್ಮದಾಗದಂತೆ ಮೊದಲ ತಿಂಗಳು ಎಚ್ಚರವಹಿಸಿ. ನೀವು ಹೋಗಲಾಗದ ದಿನ ಬೇರೆಯವರು ಬರುತ್ತಾರೆಂಬುದನ್ನು ಬೆಳಿಗ್ಗೆಯೇ ಮಗುವಿಗೂ ಅಕ್ಕೋರಿಗೂ ತಿಳಿಸಬೇಕು.

ಬಿಟ್ಟು ಬಂದ ಮೇಲೆ ಗೇಟಿನ ಹೊರಗೆ, ಕಿಟಕಿಯ ಸಂದಿಯಲ್ಲಿ ನಿಂತು ಇಣುಕಬೇಡಿ. ಮಗುವಿನ ಕಣ್ಣಿಗೆ ಬಿದ್ದರೆ ಎಲ್ಲವೂ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಹೆಚ್ಚಿನ ಮಕ್ಕಳು ಪಾಲಕರು ಮರೆಯಾದ ಕೆಲವೇ ನಿಮಿಷಗಳಲ್ಲಿ ಶಾಂತರಾಗುತ್ತಾರೆ. ಅರ್ಧ ತಾಸಿನ ಮೇಲೆ ಅಕ್ಕೋರಿಗೆ ಒಂದು ಫೋನ್ ಮಾಡಿ ಕೇಳಿಕೊಂಡರೆ ನಿಮ್ಮ ಮನಸ್ಸಿಗೂ ಸಮಾಧಾನ. ಗೇಟಿನಿಂದ ಹೊರಬಂದು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವ ತಾಯಂದಿರನ್ನು ಜೂನ್ ತಿಂಗಳಲ್ಲಿ ಎಲ್ಲ ಶಾಲೆಗಳ ಮುಂದೆಯೂ ಕಾಣಬಹುದು. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ, ಮಗುವಿನ ಎದುರಿಗೆ ಮಾತ್ರ ಬೇಡ.

ಮನೆಗೆ ಬಂದ ಮಗು ಕಾರಣವಿಲ್ಲದೆ ರಂಪ ಮಾಡಬಹುದು, ಬಿಟ್ಟಿದ್ದ ಬೆರಳು ಚೀಪುವುದನ್ನು ಮತ್ತೆ ಆರಂಭಿಸಬಹುದು, ರಾತ್ರಿ ಹಾಸಿಗೆ ಒದ್ದೆ ಮಾಡಬಹುದು. ಮೂರು ನಾಲ್ಕು ತಾಸು ಹೊಸ ಜಾಗದಲ್ಲಿ ಬಿಗಿಹಿಡಿದು ಕೂತದ್ದು ಮನೆಯಲ್ಲಿ ಸಡಿಲಾಗುತ್ತದೆ, ಇದಕ್ಕೆ ಬೈಯಬಾರದು. ಏನು ಕಲಿತೆ ಎಂದು ಕೇಳಿದರೆ ಉತ್ತರ ಬರುವುದಿಲ್ಲ. "ಇವತ್ತ ನಿನ್ನ ಬಾಜೂಕ ಯಾರು ಕುಂತಿದ್ರು? ಅಕ್ಕೋರು ಯಾವ ಬಣ್ಣದ ಸೀರಿ ಉಟ್ಟಿದ್ರು?" ಎಂದು ಕೇಳಿ ನೋಡಿ, ಮಾತು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಡಬ್ಬಿ, ನೀರು, ನಿದ್ದೆ

ಡಬ್ಬಿಯನ್ನೂ ನೀರಿನ ಬಾಟಲಿಯನ್ನೂ ಕೊಳ್ಳುವಾಗ ಮಗುವನ್ನು ಅಂಗಡಿಗೆ ಕರೆದೊಯ್ದು ಅದರ ಕೈಯಿಂದಲೇ ಮುಚ್ಚಳ ತೆಗೆಸಿ ನೋಡಿ. ತೆಗೆಯಲಾಗದ ಡಬ್ಬಿ ಎಷ್ಟು ಚೆಂದವಿದ್ದರೂ ಪ್ರಯೋಜನವಿಲ್ಲ. ಮೊದಲ ತಿಂಗಳು ಹೊಸ ತಿಂಡಿಗಳ ಪ್ರಯೋಗ ಬೇಡ. ಬೆಲ್ಲ ತುಪ್ಪ ಸವರಿ ಸುತ್ತಿದ ಚಪಾತಿ, ಉಪ್ಪಿಟ್ಟು, ಒಗ್ಗರಣೆ ಅವಲಕ್ಕಿ, ಮೊಸರನ್ನ, ಹೀಗೆ ತಾನೇ ತಿನ್ನಬಲ್ಲ, ಮನೆಯಲ್ಲಿ ಇಷ್ಟಪಟ್ಟು ತಿನ್ನುವ ಪದಾರ್ಥವಿರಲಿ.

ನಮ್ಮ ಜಿಲ್ಲೆಯ ಪಾಲಕರು ಒಂದು ವಿಷಯದಲ್ಲಿ ವಿಶೇಷವಾಗಿ ಎಚ್ಚರವಾಗಿರಬೇಕು. ಇಲ್ಲಿ ದ್ರಾಕ್ಷಿ ಮನೆಯ ಹಣ್ಣು, ಶೇಂಗಾ ಮನೆಯ ಕಾಳು. ಐದು ವರ್ಷದೊಳಗಿನ ಮಗುವಿನ ಗಂಟಲಿಗೆ ಇಡೀ ದ್ರಾಕ್ಷಿ, ಇಡೀ ಶೇಂಗಾ, ಹುರಿದ ಕಡಲೆ ಸಿಕ್ಕಿಕೊಂಡರೆ ಉಸಿರೇ ನಿಲ್ಲಬಹುದು. ಓಡುತ್ತ ನಗುತ್ತ ತಿನ್ನುವ ಮಕ್ಕಳ ಗುಂಪಿನಲ್ಲಿ ಈ ಅಪಾಯ ಇನ್ನೂ ಹೆಚ್ಚು. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಹೋಳು ಮಾಡಿ ಕೊಡಿ, ಶೇಂಗಾವನ್ನು ಹಿಂಡಿಯಾಗಿಯೋ (ಚಟ್ನಿಪುಡಿ) ನುಣ್ಣಗೆ ಕುಟ್ಟಿದ ಉಂಡೆಯಾಗಿಯೋ ಕೊಡಿ.

ಮೂರರಿಂದ ಐದು ವರ್ಷದ ಮಗುವಿಗೆ ದಿನಕ್ಕೆ ಹತ್ತರಿಂದ ಹದಿಮೂರು ತಾಸು ನಿದ್ದೆ ಬೇಕು, ಮಧ್ಯಾಹ್ನದ ನಿದ್ದೆಯೂ ಅದರಲ್ಲಿ ಸೇರಿದೆ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಹಾಸಿಕೊಂಡು ಹನ್ನೊಂದರವರೆಗೆ ಮಾತಾಡುವ ರೂಢಿ ಇರುವ ಮನೆಗಳಲ್ಲಿ, ಶಾಲೆ ಆರಂಭವಾಗುವ ಎರಡು ವಾರ ಮೊದಲಿನಿಂದ ಮಗುವನ್ನು ಒಂಬತ್ತರೊಳಗೆ ಮಲಗಿಸುವ ಕ್ರಮ ತರಬೇಕು. ಬೆಳಗಿನ ಅರ್ಧ ಅಳು ನಿದ್ದೆ ಸಾಲದ್ದರಿಂದ ಬರುವ ಅಳು.

ನೆಗಡಿ, ಜ್ವರ, ಹೇನು

ಮೊದಲ ವರ್ಷ ಮಗುವಿಗೆ ಮೇಲಿಂದ ಮೇಲೆ ನೆಗಡಿಯಾಗುತ್ತದೆ. ಹತ್ತಾರು ಮಕ್ಕಳ ಜೊತೆ ಮೊದಲ ಸಲ ಬೆರೆತಾಗ ಹೀಗಾಗುವುದು ಸಹಜ, ಇದಕ್ಕಾಗಿ ಶಾಲೆ ಬಿಡಿಸಬೇಕಿಲ್ಲ. ಜ್ವರ ಬಂದರೆ, ಔಷಧವಿಲ್ಲದೆಯೇ ಪೂರ್ತಿ ಒಂದು ದಿನ ಜ್ವರವಿಲ್ಲದೆ ಕಳೆದ ಮೇಲೆ ಕಳಿಸಿ. ಬೆಳಿಗ್ಗೆ ಜ್ವರದ ಔಷಧ ಕುಡಿಸಿ ಕಳಿಸುವುದು ನಿಮ್ಮ ಮಗುವಿಗೂ ಬೇರೆಯವರ ಮಕ್ಕಳಿಗೂ ಅನ್ಯಾಯ. ಸೀತಾಳಿ ಸಿಡುಬು ಬಂದರೆ ಎಲ್ಲ ಬೊಕ್ಕೆಗಳೂ ಒಣಗಿ ಹಕ್ಕಳೆ ಕಟ್ಟುವವರೆಗೆ ಮನೆಯಲ್ಲಿರಬೇಕು. ಫೆಬ್ರುವರಿ 10 ಮತ್ತು ಆಗಸ್ಟ್ 10ರ ಸುಮಾರಿಗೆ ಅಂಗನವಾಡಿ ಮತ್ತು ಶಾಲೆಗಳಲ್ಲಿ ಕೊಡುವ ಜಂತುಹುಳುವಿನ ಮಾತ್ರೆಯನ್ನು ತಪ್ಪಿಸಬೇಡಿ, ಚಿಕ್ಕ ಮಕ್ಕಳಿಗೆ ಅದನ್ನು ಪುಡಿ ಮಾಡಿ ನೀರಿನೊಡನೆ ಕೊಡಬೇಕು. ತಲೆಯಲ್ಲಿ ಹೇನು ಕಂಡರೆ ಅಕ್ಕೋರಿಗೆ ತಿಳಿಸಿ, ವಾರಕ್ಕೆರಡು ಸಲ ಸಣ್ಣ ಹಲ್ಲಿನ ಹಣಿಗೆಯಿಂದ ಬಾಚಿ.

ಹಬ್ಬಕ್ಕೆ ಹೋಗಿ ಬಂದ ಮೇಲೆ

ಜೂನ್‌ನಲ್ಲಿ ಅತ್ತು ಜುಲೈಗೆ ಸುಧಾರಿಸಿದ ಮಗು ಶ್ರಾವಣದಲ್ಲಿ ಮತ್ತೆ ಅಳತೊಡಗುತ್ತದೆ. ಪಂಚಮಿಗೆ ತವರಿಗೆ ಹೋಗಿ, ಜೋಕಾಲಿ ಆಡಿ, ಉಂಡಿ ತಿಂದು, ಎಂಟು ಹತ್ತು ದಿನ ಅವ್ವನ ಸೆರಗು ಬಿಡದೆ ಇದ್ದ ಮಗುವಿಗೆ ಶಾಲೆ ಮತ್ತೆ ಹೊಸದಾಗಿ ಕಾಣುವುದು ಸ್ವಾಭಾವಿಕ. ಪಂಚಮಿಗೆ ಹೋಗಬೇಡಿ ಎಂದು ಯಾರೂ ಹೇಳಲಾರರು. ತಿರುಗಿ ಬಂದ ಮರುದಿನವೇ ಪೂರ್ತಿ ಹೊತ್ತು ಕೂರಿಸದೆ, ಒಂದೆರಡು ದಿನ ಬೇಗ ಕರೆತನ್ನಿ, ಬೀಳ್ಕೊಡುವ ಅದೇ ಹಳೆಯ ಮಾತನ್ನು ಮತ್ತೆ ಹೇಳಿ. ಈ ಸಲದ ಅಳು ಮೊದಲಿನಷ್ಟು ದಿನ ಇರುವುದಿಲ್ಲ.

ತಾಂಡಾಗಳಿಂದಲೂ ಹಳ್ಳಿಗಳಿಂದಲೂ ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆ ಗುಳೆ ಹೋಗುವ ಕುಟುಂಬಗಳ ಕಷ್ಟ ಬೇರೆ. ದೀಪಾವಳಿಯ ಹೊತ್ತಿಗೆ ಹೊರಟರೆ ಮಗುವಿನ ಅಂಗನವಾಡಿ ಅಲ್ಲಿಗೇ ನಿಲ್ಲುತ್ತದೆ. ಹೊರಡುವ ಮೊದಲು ಕಾರ್ಯಕರ್ತೆಗೆ ತಿಳಿಸಿದರೆ ಅಂಗನವಾಡಿಗಳ ದಾಖಲೆಯ ಆ್ಯಪ್ ಆದ ಪೋಷಣ್ ಟ್ರ್ಯಾಕರ್‌ನಲ್ಲಿರುವ ಮಗುವಿನ ದಾಖಲೆಯನ್ನು ಹೋದ ಕಡೆಯ ಅಂಗನವಾಡಿಗೆ ವರ್ಗಾಯಿಸಿಕೊಳ್ಳಬಹುದು. ಮಗುವನ್ನು ಆಯಿಯ ಬಳಿ ಬಿಟ್ಟು ಹೋಗುವುದಾದರೆ ಅದನ್ನು ಅಕ್ಕೋರಿಗೆ ಹೇಳಿಯೇ ಹೋಗಬೇಕು. ತಂದೆತಾಯಿ ಇಬ್ಬರೂ ಇಲ್ಲದ ಆ ತಿಂಗಳುಗಳಲ್ಲಿ ಮಗುವಿನ ಮೌನಕ್ಕೂ ಹಟಕ್ಕೂ ಕಾರಣವೇನೆಂದು ತಿಳಿದವರು ತರಗತಿಯಲ್ಲಿ ಒಬ್ಬರಿರಬೇಕು.

ಯಾವಾಗ ಕಾಯದೆ ವಿಚಾರಿಸಬೇಕು

ಹೆಚ್ಚಿನ ಮಕ್ಕಳು ಕೆಲವು ವಾರಗಳಲ್ಲಿ ಹೊಂದಿಕೊಳ್ಳುತ್ತಾರೆ. ಎರಡು ತಿಂಗಳಾದರೂ ಮಗು ಶಾಲೆಯಲ್ಲಿ ಏನನ್ನೂ ತಿನ್ನದೆ, ಯಾರೊಡನೆಯೂ ಮಾತಾಡದೆ ಇದ್ದರೆ, ತೂಕ ಇಳಿಯುತ್ತಿದ್ದರೆ, ಅಕ್ಕೋರೊಡನೆ ಕೂತು ಮಾತಾಡಿ. ಮೊದಲು ನಗುತ್ತ ಹೋಗುತ್ತಿದ್ದ ಮಗು ಒಂದು ದಿನ ಇದ್ದಕ್ಕಿದ್ದಂತೆ ಒಬ್ಬ ವ್ಯಕ್ತಿಯನ್ನು ಅಥವಾ ಒಂದು ಕೋಣೆಯನ್ನು ಕಂಡು ಬೆದರತೊಡಗಿದರೆ, ಮೈಮೇಲೆ ಗುರುತುಗಳು ಕಂಡರೆ, ಅಂದೇ ವಿಚಾರಿಸಬೇಕು. ಮಗುವಿನ ಮಾತನ್ನು ನಂಬಿ, ಬೇರೆಯವರ ಎದುರು ಅದನ್ನು ಮತ್ತೆ ಮತ್ತೆ ಹೇಳಿಸಬೇಡಿ.

ಮೂರು ವರ್ಷ ತುಂಬಿಯೂ ಎರಡು ಮೂರು ಪದ ಸೇರಿಸಿ ಮಾತಾಡದ, ಹಿಂದಿನಿಂದ ಕರೆದರೆ ತಿರುಗದ, ಕಣ್ಣಿಟ್ಟು ನೋಡದ ಮಗುವನ್ನು, ಸಾಲಿಗೆ ಹೋದರೆ ತಾನೇ ಸರಿಹೋಗುತ್ತದೆ ಎಂದು ಕಾಯುತ್ತ ಕೂರಬಾರದು. ಮೊದಲು ಕಿವಿಯ ಪರೀಕ್ಷೆಯಾಗಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ ಬಂದು ಮಕ್ಕಳನ್ನು ತಪಾಸಣೆ ಮಾಡಿ, ಬೇಕಾದವರನ್ನು ಜಿಲ್ಲಾ ಆಸ್ಪತ್ರೆಗೆ ಕಳಿಸುತ್ತದೆ. ನಿಮ್ಮ ಮಗು ಖಾಸಗಿ ನರ್ಸರಿಗೆ ಹೋಗುತ್ತಿದ್ದರೂ ಓಣಿಯ ಅಂಗನವಾಡಿಯಲ್ಲಿ ಆ ತಂಡ ಬರುವ ದಿನವನ್ನು ಕೇಳಿಟ್ಟುಕೊಂಡು, ತಾಯಿ ಕಾರ್ಡಿನೊಡನೆ ಮಗುವನ್ನು ಕರೆದೊಯ್ದು ತೋರಿಸಿ.